ಇಂಜಿನ್ನಿನ ನೀರು ಸೋರದಂತೆ ಬೋಲ್ಟು ಬಿಗಿಯುವ ಬಗೆ



ನಮ್ಮ ಬೆಟ್ಟದ ಮೇಲೆ ಬೇಳೆ ಬೇಗ ಬೇಯುವುದಿಲ್ಲ ಎಂಬುದು ಇಲ್ಲಿ ಒಲೆ ಹಚ್ಚಿದವರಿಗೆಲ್ಲ ಗೊತ್ತು. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಉದಕಮಂಡಲಕ್ಕೆ ಬಂದ ಹೆಣ್ಣುಮಗಳು ಮೊದಲ ವಾರದಲ್ಲೇ ಕಲಿಯುವ ಪಾಠ ಇದು. ತವರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯುತ್ತಿದ್ದ ತೊಗರಿಬೇಳೆ ಇಲ್ಲಿ ಎಷ್ಟು ಹೊತ್ತು ಕುದಿಸಿದರೂ ಹಲ್ಲಿಗೆ ಸಿಗುತ್ತದೆ. ಸಮುದ್ರಮಟ್ಟದಲ್ಲಿ ನೀರು ಕುದಿಯಲು 100 ಡಿಗ್ರಿ ಬೇಕು. ಉದಕಮಂಡಲ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಆದ್ದರಿಂದ ನೀರು 92–93 ಡಿಗ್ರಿಗೇ ಕುದಿದುಬಿಡುತ್ತದೆ. ಕುದಿಯಲು ತೊಡಗಿದ ನೀರು ಅದಕ್ಕಿಂತ ಹೆಚ್ಚು ಬಿಸಿಯಾಗುವುದಿಲ್ಲ. ಅದಕ್ಕೇ ಇಲ್ಲಿ ಕುಕ್ಕರ್ ಇಲ್ಲದ ಮನೆಯಿಲ್ಲ. ಕುಕ್ಕರಿನ ರಬ್ಬರು ಹಳತಾಗಿ ಆವಿ ಸೋರಿದರೆ ಸೀಟಿ ಕೂಗುವುದಿಲ್ಲ, ನೀರು ಬತ್ತಿ ತಳ ಸೀಯುತ್ತದೆ.

ನಾನು ಇಂದು ಹೇಳಹೊರಟಿರುವುದು ಅಡುಗೆಯ ವಿಷಯವಲ್ಲ, ಜೀಪಿನ ವಿಷಯ. ಆದರೆ ಜೀಪಿನ ಇಂಜಿನ್ನೂ ಒಂದು ಕುಕ್ಕರೇ ಎಂದು ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ. ಇಂಜಿನ್ನಿನ ಒಳಗಿನ ನೀರು ಸುಮಾರು 82ರಿಂದ 90 ಡಿಗ್ರಿಯಲ್ಲಿ ಓಡಾಡಬೇಕು. ಅಷ್ಟು ಬಿಸಿಯಾದ ಮೇಲೆಯೇ ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಈಗ ಲೆಕ್ಕ ಹಾಕಿ. ಊಟಿಯಲ್ಲಿ ನೀರು ಕುದಿಯುವುದು 92ಕ್ಕೆ, ಇಂಜಿನ್ನು ಓಡುವುದು 88ಕ್ಕೆ. ನಡುವೆ ಉಳಿಯುವುದು ನಾಲ್ಕೇ ಡಿಗ್ರಿ. ಕಲ್ಲಟ್ಟಿಯ 36 ಹೇರ್‌ಪಿನ್ ತಿರುವುಗಳನ್ನು ಮೊದಲನೇ, ಎರಡನೇ ಗೇರಿನಲ್ಲಿ ಹತ್ತುವ ಜೀಪಿಗೆ ಈ ನಾಲ್ಕು ಡಿಗ್ರಿ ಯಾವ ಮೂಲೆಗೆ ಸಾಕು? ಅದಕ್ಕಾಗಿಯೇ ರೇಡಿಯೇಟರಿನ ಮುಚ್ಚಳದಲ್ಲಿ ಸ್ಪ್ರಿಂಗ್ ಇಟ್ಟಿರುತ್ತಾರೆ. ಚದರ ಸೆಂಟಿಮೀಟರಿಗೆ ಸುಮಾರು 0.9 ಕಿಲೋ ಒತ್ತಡ ಬರುವತನಕ ಅದು ಬಾಯಿ ಬಿಡುವುದಿಲ್ಲ. ಆ ಒತ್ತಡದಲ್ಲಿ ನೀರು ಊಟಿಯಲ್ಲೂ 110 ಡಿಗ್ರಿ ದಾಟುವವರೆಗೆ ಕುದಿಯದು. ನಾಲ್ಕು ಡಿಗ್ರಿ ಇದ್ದ ಅಂತರ ಇಪ್ಪತ್ತಕ್ಕೂ ಮೇಲಾಯಿತು.

ಎಲ್ಲಾದರೂ ಒಂದು ಕಡೆ ಸೋರಿತೋ, ಆ ಒತ್ತಡ ನಿಲ್ಲುವುದಿಲ್ಲ. ನೀರು ಹೋದದ್ದು ಒಂದು ಲೋಟ ಇರಬಹುದು, ಅಷ್ಟರಿಂದ ಇಂಜಿನ್ನು ಸುಡುವುದಿಲ್ಲ. ಆದರೆ ಒತ್ತಡ ಹೋದ ಕಾರಣ ಉಳಿದ ನೀರೆಲ್ಲ 92ಕ್ಕೇ ಕುದಿಯಲು ಶುರುವಾಗುತ್ತದೆ. ಚೆನ್ನೈಯಲ್ಲಿ ತಿಂಗಳುಗಟ್ಟಲೆ ತಡೆದುಕೊಳ್ಳುವ ಸಣ್ಣ ಸೋರಿಕೆ ನಮ್ಮ ಘಾಟಿಯಲ್ಲಿ ಒಂದೇ ಸಂಜೆಗೆ ಗಾಡಿಯನ್ನು ಮಲಗಿಸುವುದು ಹೀಗೆ. ಬೆಟ್ಟದ ರೈಲಿನ ಆವಿ ಇಂಜಿನ್ನು ದಾರಿಯ ನಿಲ್ದಾಣಗಳಲ್ಲಿ ನಿಂತು ನಿಂತು ನೀರು ಕುಡಿಯುತ್ತದೆ. ನೀರನ್ನು ಆವಿಯಾಗಿ ಖರ್ಚು ಮಾಡುವುದೇ ಅದರ ಕೆಲಸ. ಜೀಪಿನದು ಹಾಗಲ್ಲ. ಹಾಕಿದ ಏಳೆಂಟು ಲೀಟರನ್ನೇ ಮತ್ತೆ ಮತ್ತೆ ತಿರುಗಿಸಿಕೊಂಡು ಬದುಕಬೇಕು.

ನಾನು ಮೆಕ್ಯಾನಿಕ್ ಅಲ್ಲ. ಎಸ್.ಎಸ್.ಎಲ್.ಸಿ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಬೋಲ್ಟಿನ ವಿಷಯ ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಅದನ್ನು ಹೇಳದೆ ಮುಂದೆ ಹೋದರೆ ಪುಸ್ತಕ ಓದಿ ಉಪದೇಶ ಮಾಡಿದಂತಾಗುತ್ತದೆ.

2011ರಲ್ಲಿ ಮಸಿನಗುಡಿಯ ನಮ್ಮ ಮನೆಗೆ ಒಂದು ಹಳೆಯ ಡೀಸೆಲ್ ಜೀಪು ತಂದೆ. ಎರಡು ವರ್ಷ ಚೆನ್ನಾಗಿಯೇ ಓಡಿತು. 2013ರ ಜನವರಿಯಲ್ಲಿ ಇಂಜಿನ್ನಿನ ಮುಂದುಗಡೆ, ಥರ್ಮೋಸ್ಟಾಟಿನ ಮೇಲಿನ ಅಲ್ಯೂಮಿನಿಯಂ ಮುಚ್ಚಳದ ಅಂಚಿನಲ್ಲಿ ಒಂದು ಹನಿ ಕಾಣಿಸಿಕೊಂಡಿತು. ಆ ಮುಚ್ಚಳಕ್ಕೆ ಎರಡೇ ಬೋಲ್ಟು. ಸ್ಪ್ಯಾನರ್ ಹಾಕಿ ಸ್ವಲ್ಪ ಬಿಗಿದೆ. ಮರುದಿನ ಮತ್ತೆ ಹನಿ, ಮತ್ತೆ ಬಿಗಿದೆ. ಮೂರನೆಯ ದಿನ ಸ್ಪ್ಯಾನರಿಗೆ ಒಂದು ಕಬ್ಬಿಣದ ಕೊಳವೆ ಸಿಕ್ಕಿಸಿ ಮೈಮೇಲಿನ ಬಲವನ್ನೆಲ್ಲ ಹಾಕಿದೆ. ಹನಿ ನಿಂತಿತು. ಗೆದ್ದೆ ಎಂದುಕೊಂಡು ಕೈ ತೊಳೆದೆ.

ಅದೇ ವಾರ ನಮ್ಮ ತಾಯಿಗೆ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಯುವ ದಿನ ಗೊತ್ತಾಗಿತ್ತು. ಆಗ ಅವರಿಗೆ ಎಪ್ಪತ್ತಾರು. ಒಂದು ಕಣ್ಣು ಪೂರಾ ಮಂಜು, ಇನ್ನೊಂದರಲ್ಲಿ ನೆರಳು ಬೆಳಕು ಮಾತ್ರ. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಬಂಡೀಪುರದ ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದು ನಮಗೆಲ್ಲ ಗೊತ್ತು. ಆದ್ದರಿಂದ ಹಿಂದಿನ ಸಂಜೆಯೇ ಗೇಟು ದಾಟಿ, ಮೈಸೂರಿನಲ್ಲಿ ನಂಟರ ಮನೆಯಲ್ಲಿ ಮಲಗುವುದೆಂದು ಯೋಚನೆ. ಬ್ಯಾಂಕಿನ ಕೆಲಸ ಮುಗಿಸಿ ಬಂದು, ಏಳು ಗಂಟೆಗೆ ಹೊರಟೆವು.

ತೆಪ್ಪಕಾಡು ಇನ್ನೂ ಎರಡು ಮೂರು ಕಿಲೋಮೀಟರ್ ಇರುವಾಗ ಹಿಂದಿನ ಸೀಟಿನಿಂದ ನಮ್ಮಮ್ಮ, "ಮಗಾ, ಎಲ್ಲೋ ಬೆಲ್ಲದ ಪಾಕ ಸೀದ ವಾಸನೆ ಬರ್ತಾ ಇದೆಯಲ್ಲೋ" ಎಂದರು. "ಕಾಡಿನಲ್ಲಿ ಯಾರಮ್ಮ ಪಾಕ ಕಾಯಿಸುತ್ತಾರೆ?" ಎಂದು ನಕ್ಕೆ. ಬಿಸಿಯ ಮುಳ್ಳು ನೋಡಿದೆ, ಕೆಳಗೇ ಇತ್ತು. ಧೈರ್ಯವಾಗಿ ಓಡಿಸಿದೆ. ಇನ್ನೊಂದು ಫರ್ಲಾಂಗಿನಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದಿತು, ಇಂಜಿನ್ನು ಬಿಗಿದುಕೊಂಡಂತೆ ನಿಂತಿತು.

ಎರಡು ಸಂಗತಿ ನನಗೆ ಆಮೇಲೆ ತಿಳಿಯಿತು. ರೇಡಿಯೇಟರಿಗೆ ಹಾಕುವ ಕೂಲೆಂಟಿನಲ್ಲಿ ಗ್ಲೈಕಾಲ್ ಇರುತ್ತದೆ. ಅದು ಬಿಸಿ ಲೋಹದ ಮೇಲೆ ಬಿದ್ದರೆ ಸಿಹಿ ವಾಸನೆ ಬರುತ್ತದೆ. ಕಣ್ಣು ಕಾಣದ ನಮ್ಮಮ್ಮ ಮೂಗಿನಿಂದ ಸರಿಯಾಗಿಯೇ ಕಂಡಿದ್ದರು. ಎರಡನೆಯದು, ಬಿಸಿ ಅಳೆಯುವ ಮುಳ್ಳಿನ ಗುಂಡಿ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ. ನೀರೇ ಹೋಗಿ ಒಣಗಿ ನಿಂತರೆ ಮುಳ್ಳು ಕೆಳಗಿಳಿದು 'ಎಲ್ಲ ತಣ್ಣಗಿದೆ' ಎಂದು ಸುಳ್ಳು ಹೇಳಬಹುದು. ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೂ ಗಾಡಿ ನಿಲ್ಲಿಸಬೇಕು, ಮೇಲೇರಿದಾಗ ಮಾತ್ರವಲ್ಲ.

ಕತ್ತಲು, ಆನೆಯ ದಾರಿ, ಕೆಳಗಿಳಿಯುವಂತಿಲ್ಲ. ಬಹಳ ಹೊತ್ತಿನ ಮೇಲೆ ಮಸಿನಗುಡಿಗೆ ಮರಳುತ್ತಿದ್ದ ಒಂದು ಜೀಪಿನವರು ನಮ್ಮನ್ನು ಹತ್ತಿಸಿಕೊಂಡರು. ಊರು ಮುಟ್ಟಿದಾಗ ಎಂಟೂವರೆ ದಾಟಿತ್ತು. ಬೇರೆ ಗಾಡಿ ಹಿಡಿದರೂ ಒಂಬತ್ತರೊಳಗೆ ಗೇಟು ದಾಟುವ ಹಾಗಿರಲಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟರೆ ಏಳಕ್ಕೆ ಮೈಸೂರು ಹೇಗೆ ತಲುಪುವುದು? ಆ ದಿನ ತಪ್ಪಿತು. ಮತ್ತೆ ದಿನ ಸಿಕ್ಕಿದ್ದು ಏಳು ವಾರದ ಮೇಲೆ. ಆ ಏಳು ವಾರ ನಮ್ಮಮ್ಮ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುವುದನ್ನು ದಿನವೂ ನೋಡಿದೆ. ಒಂದು ಮಾತೂ ಅನ್ನಲಿಲ್ಲ ಅವರು. ಅಂದಿದ್ದರೇ ಚೆನ್ನಾಗಿತ್ತು.

ಜೀಪನ್ನು ಎಳೆಸಿಕೊಂಡು ಗೂಡಲೂರಿನ ಒಬ್ಬ ಮೇಸ್ತ್ರಿಗಳ ಷೆಡ್ಡಿಗೆ ಹಾಕಿದೆ. ಅವರು ಆ ಮುಚ್ಚಳ ಬಿಚ್ಚಿ, ಒಂದು ಗಾಜಿನ ತುಂಡಿನ ಮೇಲೆ ಬೋರಲು ಇಟ್ಟು ನನ್ನನ್ನು ಕರೆದರು. ಎರಡು ಕಿವಿಗಳು ಗಾಜಿಗೆ ತಾಗಿದ್ದವು, ನಡುವೆ ಬೆಳಕು ಕಾಣುತ್ತಿತ್ತು. ಒಂದು ಕಿವಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. "ಸಾರ್, ನೀವು ಬಿಗಿದಿದ್ದಕ್ಕೇ ಇದು ಸೋರಿದ್ದು" ಎಂದರು. ನನಗೆ ಆ ಮಾತು ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಬಿಗಿದರೆ ಸೋರುವುದೇ? ಆಗ ಅವರು ನನ್ನ ಕಸುಬಿನ ಮಾತಿನಲ್ಲೇ ಹೇಳಿದರು. "ನೋಟಿನ ಕಟ್ಟಿಗೆ ರಬ್ಬರ್ ಬ್ಯಾಂಡನ್ನು ಐದಾರು ಸುತ್ತು ಹಾಕಿ ಎಳೆದರೆ ಏನಾಗುತ್ತೆ ಸಾರ್? ನಡು ಸೊಂಟದಂತಾಗಿ ಎರಡು ತುದಿ ಬಾಯಿ ಬಿಡುತ್ತೆ. ಇಲ್ಲೂ ಅದೇ. ನೀವು ತುದಿ ಹಿಡಿದು ಎಳೆದಿರಿ, ನಡು ಬಾಯಿ ಬಿಟ್ಟಿತು."

ನಾನು ಇಂದು ಹೇಳಬೇಕಾದದ್ದೆಲ್ಲ ಹೆಚ್ಚು ಕಡಿಮೆ ಆ ಮಾತಿನೊಳಗೇ ಇದೆ. ಸಡಿಲವಾದ ಬೋಲ್ಟಿನಿಂದ ಎಷ್ಟು ಗಾಡಿ ಸೋರುತ್ತವೋ, ಮಿತಿ ಮೀರಿ ಬಿಗಿದ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಬಿಗಿದ ಬೋಲ್ಟಿನಿಂದಲೂ ಅಷ್ಟೇ ಸೋರುತ್ತವೆ ಎಂಬುದು ಮೇಸ್ತ್ರಿಗಳ ಅನುಭವ. ಹೇಗೆ ಎಂದು ಬಿಡಿಸಿ ಹೇಳುತ್ತೇನೆ.

ಬೋಲ್ಟು ಎಂದರೆ ಮೊಳೆಯಂತೆ ಗಟ್ಟಿ ಕಡ್ಡಿ ಎಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಅದು ಒಂದು ಸ್ಪ್ರಿಂಗ್. ಬಿಗಿದಾಗ ಕಣ್ಣಿಗೆ ಕಾಣದಷ್ಟು ಉದ್ದವಾಗುತ್ತದೆ, ಉದ್ದವಾದದ್ದು ಹಿಂದಕ್ಕೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಎರಡು ಲೋಹಗಳನ್ನು ಒತ್ತಿ ಹಿಡಿಯುವ ಶಕ್ತಿ. ನಡುವಿನ ಗ್ಯಾಸ್ಕೆಟ್, ನಮ್ಮ ಕಡೆ ಪ್ಯಾಕಿಂಗ್ ಎನ್ನುತ್ತೇವೆ, ಆ ಒತ್ತಿಗೆ ಸಿಕ್ಕಿ ಎಲ್ಲ ಸಂದುಗಳನ್ನು ತುಂಬಿಕೊಳ್ಳುತ್ತದೆ. ಪೆನ್ಸಿಲಿನಷ್ಟು ದಪ್ಪದ 8 ಮಿಲಿಮೀಟರಿನ ಒಂದು ಸಾಧಾರಣ ಉಕ್ಕಿನ ಬೋಲ್ಟು ಸರಿಯಾಗಿ ಬಿಗಿದರೆ ಸುಮಾರು ಒಂದೂವರೆ ಟನ್ ತೂಕದಷ್ಟು ಬಲದಿಂದ ಹಿಡಿಯುತ್ತದೆ. ಒಂದು ಜೀಪನ್ನೇ ತೂಗುಹಾಕಿದ ಹಾಗೆ! ಇದಕ್ಕಿಂತ ಹೆಚ್ಚಿನ ಬಲ ನಮಗೆ ಬೇಕಾಗಿಯೇ ಇಲ್ಲ. ಮಿತಿ ಮೀರಿ ಎಳೆದರೆ ಸ್ಪ್ರಿಂಗಿನ ಗುಣ ಹೋಗಿ ಹಳೆಯ ಲಾಡಿಯಂತೆ ಉದ್ದವಾಗಿಬಿಡುತ್ತದೆ. ಆಮೇಲೆ ಅದು ನೋಡಲು ಬಿಗಿ, ಹಿಡಿತ ಇಲ್ಲ. ಇಲ್ಲವೇ ಅಲ್ಯೂಮಿನಿಯಂ ತೂತಿನೊಳಗಿನ ಥ್ರೆಡ್ಡು ಪುಡಿಪುಡಿಯಾಗಿ ಬೋಲ್ಟಿನ ಜೊತೆಗೇ ಬರುತ್ತದೆ.

ಹಾಗಾದರೆ ಎಷ್ಟು ಬಿಗಿಯಬೇಕು? ಇದಕ್ಕೆ ಅಳತೆ ಇದೆ, ಟಾರ್ಕ್ ಎನ್ನುತ್ತಾರೆ. ಸ್ಪ್ಯಾನರಿನ ಉದ್ದವನ್ನು ನೀವು ಎಳೆಯುವ ಬಲದಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಒಂದು ಕಿಲೋ ಬಲ ಹಾಕಿದರೆ ಒಂದು ಕಿಲೋಗ್ರಾಂ ಮೀಟರ್. ಹೊಸ ಪುಸ್ತಕಗಳಲ್ಲಿ ನ್ಯೂಟನ್ ಮೀಟರ್ ಎಂದಿರುತ್ತದೆ. ಒಂದು ಕಿಲೋಗ್ರಾಂ ಮೀಟರಿಗೆ 9.8 ನ್ಯೂಟನ್ ಮೀಟರ್, ಸುಮಾರಾಗಿ ಹತ್ತು ಎಂದಿಟ್ಟುಕೊಳ್ಳಿ. ಹಳೆಯ ಗಾಡಿಗಳ ಪುಸ್ತಕದಲ್ಲಿ ಪೌಂಡ್ ಅಡಿ ಎಂದಿದ್ದರೆ, ಒಂದು ಕಿಲೋಗ್ರಾಂ ಮೀಟರ್ ಎಂದರೆ 7.2 ಪೌಂಡ್ ಅಡಿ. ಪಟ್ಟಿ ನೋಡುವಾಗ ಯಾವ ಲೆಕ್ಕದಲ್ಲಿದೆ ಎಂದು ಮೊದಲು ನೋಡಿ. ರೂಪಾಯಿಯನ್ನು ಪೈಸೆಯೆಂದು ಓದಿದ ಗುಮಾಸ್ತನ ಪಾಡು ಏನಾಗುತ್ತದೆ ಎಂದು ನನಗೆ ಗೊತ್ತು.

10 ನಂಬರ್ ಸ್ಪ್ಯಾನರ್ ಕೂರುವ 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು, 13 ನಂಬರಿನ 8 ಮಿಲಿಮೀಟರ್ ಬೋಲ್ಟಿಗೆ 25ರ ಆಸುಪಾಸು. ಇದು ತಲೆಯ ಮೇಲೆ 8.8 ಎಂದು ಬರೆದಿರುವ ಉಕ್ಕಿನ ಬೋಲ್ಟಿನ ಮಾತು. ಅಲ್ಯೂಮಿನಿಯಂ ಒಳಗೆ ಕೂರುವುದಾದರೆ ಹಲವು ಕಡೆ ಇನ್ನೂ ಕಡಿಮೆ ಹೇಳಿರುತ್ತಾರೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೆಯ ಮಾತು. ಈಗ ನನ್ನ ಕೊಳವೆಯ ಕತೆಗೆ ಬನ್ನಿ. 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನಲ್ಲಿ 25 ನ್ಯೂಟನ್ ಮೀಟರ್ ಬರಲು ಹನ್ನೆರಡೂವರೆ ಕಿಲೋ ಬಲ ಸಾಕು. ಒಂದು ಬಿಂದಿಗೆ ನೀರು ಎತ್ತಿದಷ್ಟು. ಗಟ್ಟಿಮುಟ್ಟಾದ ಗಂಡಸು ಅದೇ ಸ್ಪ್ಯಾನರನ್ನು 40 ಕಿಲೋ ಬಲದಿಂದ ಎಳೆಯಬಲ್ಲ. ಅಂದರೆ ಬೇಕಾದ್ದಕ್ಕಿಂತ ಮೂರು ಪಟ್ಟು. ಅದರ ಮೇಲೆ ಕೊಳವೆ ಸಿಕ್ಕಿಸಿದರೆ? ಸಣ್ಣ ನಂಬರಿನ ಸ್ಪ್ಯಾನರನ್ನು ಗಿಡ್ಡವಾಗಿ ಮಾಡಿರುವುದೇ ನಮ್ಮ ಕೈಬಲಕ್ಕೆ ಕಡಿವಾಣ ಹಾಕಲು. ಕೊಳವೆ ಸಿಕ್ಕಿಸಿದವನು ಆ ಕಡಿವಾಣ ಕಿತ್ತು ಬಿಸಾಡಿದ ಹಾಗೆ.

ಅಳತೆಗೆ ಟಾರ್ಕ್ ರೆಂಚ್ ಎಂಬ ಉಪಕರಣವಿದೆ. ಬೇಕಾದ ಅಂಕಿಗೆ ತಿರುಗಿಸಿಟ್ಟರೆ ಅಷ್ಟು ಬಲ ಬಂದ ತಕ್ಷಣ 'ಟಿಕ್' ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಟಿಕ್ ಇರಲಿ ಎಂದು ಎಳೆಯಬಾರದು. ಅದರಿಂದ ಬೋಲ್ಟು ಬಿಚ್ಚಬಾರದು, ಕೆಲಸ ಮುಗಿದ ಮೇಲೆ ಅಂಕಿಯನ್ನು ಕೆಳಗಿನ ಕೊನೆಗೆ ಇಳಿಸಿಡಬೇಕು, ಇಲ್ಲವಾದರೆ ಒಳಗಿನ ಸ್ಪ್ರಿಂಗ್ ಸೋತು ಲೆಕ್ಕ ತಪ್ಪುತ್ತದೆ. ಕೊಳ್ಳಲಾಗದವರಿಗೆ ಮೇಸ್ತ್ರಿಗಳು ಒಂದು ಉಪಾಯ ತೋರಿಸಿದರು. ಸಂತೆಯಲ್ಲಿ ಆಲೂಗಡ್ಡೆ ತೂಗುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಇದೆಯಲ್ಲ, ಅದನ್ನು ರಿಂಗ್ ಸ್ಪ್ಯಾನರಿನ ತುದಿಯ ಕಣ್ಣಿಗೆ ಸಿಕ್ಕಿಸಿ. ಬೋಲ್ಟಿನ ನಡುವಿನಿಂದ ಕೊಕ್ಕೆಯವರೆಗಿನ ಉದ್ದವನ್ನು ಅಳೆದುಕೊಳ್ಳಿ. ಸ್ಪ್ಯಾನರಿಗೆ ಸರಿಯಾಗಿ ಅಡ್ಡಲಾಗಿ, ಮೂಲೆಮಟ್ಟದಲ್ಲಿ ಎಳೆಯಿರಿ. 20 ಸೆಂಟಿಮೀಟರಿಗೆ ಹನ್ನೆರಡೂವರೆ ಕಿಲೋ ತೋರಿಸಿದಾಗ 25 ನ್ಯೂಟನ್ ಮೀಟರ್ ಆಯಿತು. 15 ಸೆಂಟಿಮೀಟರಿನ ಸಣ್ಣ ಸ್ಪ್ಯಾನರಿನಲ್ಲಿ ಏಳು ಕಿಲೋ ತೋರಿಸಿದರೆ 10 ನ್ಯೂಟನ್ ಮೀಟರ್. ಮುಚ್ಚಳ, ಪಂಪಿನಂಥ ಸಣ್ಣ ಕೆಲಸಕ್ಕೆ ಇದು ಸಾಕು. ನಾಲ್ಕಾರು ಸಲ ಹೀಗೆ ಮಾಡಿದರೆ ಕೈಗೇ ಅಂದಾಜು ಬರುತ್ತದೆ. ನನಗೆ ಮೊದಲ ಸಲ ಆಶ್ಚರ್ಯವಾದದ್ದು, ಇಷ್ಟೇನಾ ಎಂಬುದಕ್ಕೆ.

ಇನ್ನೊಂದು ಲೆಕ್ಕ ಕೇಳಿ, ಇದು ನನಗೆ ಬಹಳ ಹಿಡಿಸಿದ ಲೆಕ್ಕ. ನೀವು ಸ್ಪ್ಯಾನರಿಗೆ ಹಾಕುವ ನೂರು ಪಾಲು ಶ್ರಮದಲ್ಲಿ ಸುಮಾರು ಐವತ್ತು ಪಾಲು ಬೋಲ್ಟಿನ ತಲೆಯ ಕೆಳಗಿನ ಉಜ್ಜಾಟಕ್ಕೆ, ನಲವತ್ತು ಪಾಲು ಥ್ರೆಡ್ಡಿನ ಉಜ್ಜಾಟಕ್ಕೆ ಹೋಗುತ್ತದೆ. ನಿಜವಾಗಿ ಒತ್ತಿ ಹಿಡಿಯಲು ಉಳಿಯುವುದು ಹತ್ತೇ ಪಾಲು. ಥ್ರೆಡ್ಡಿನಲ್ಲಿ ತುಕ್ಕು, ಮಣ್ಣು, ಹಳೆಯ ಅಂಟು ಇದ್ದರೆ ಆ ಹತ್ತರಲ್ಲೂ ಅರ್ಧ ಹೋಯಿತು. ರೆಂಚು ಟಿಕ್ ಎನ್ನುತ್ತದೆ, ಮುಚ್ಚಳ ಮಾತ್ರ ಸಡಿಲ. ತದ್ವಿರುದ್ಧವಾಗಿ, ಒಣ ಬೋಲ್ಟಿಗೆಂದು ಕೊಟ್ಟ ಅಂಕಿಯನ್ನು ಎಣ್ಣೆ ಸುರಿದ ಬೋಲ್ಟಿಗೆ ಹಾಕಿದರೆ ಉಜ್ಜಾಟ ಕಡಿಮೆಯಾಗಿ ಎಳೆತ ಬೇಕಾದ್ದಕ್ಕಿಂತ ಹೆಚ್ಚಾಗುತ್ತದೆ. ಅದಕ್ಕೇ ಬಿಗಿಯುವ ಕೆಲಸಕ್ಕಿಂತ ತೊಳೆಯುವ ಕೆಲಸ ದೊಡ್ಡದು. ಬೋಲ್ಟನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ. ಕೈಯ ಬೆರಳಿನಲ್ಲೇ ಪೂರ್ತಿ ಒಳಗೆ ಹೋಗಬೇಕು. ಪುಸ್ತಕದಲ್ಲಿ ಎಣ್ಣೆ ಸವರಿ ಎಂದಿದ್ದರೆ ಮಾತ್ರ ಒಂದು ಹನಿ ಸವರಿ. ಬೋಲ್ಟು ಕೂರುವ ತೂತಿನ ತಳ ಮುಚ್ಚಿದ್ದರೆ ಅದರೊಳಗೆ ನೀರೋ ಎಣ್ಣೆಯೋ ನಿಲ್ಲದಂತೆ ಬಟ್ಟೆಯ ಬತ್ತಿಯಿಂದ ಒರೆಸಿ ತೆಗೆಯಿರಿ. ದ್ರವ ಒತ್ತಿದರೆ ಕುಗ್ಗುವುದಿಲ್ಲ. ಬೋಲ್ಟು ಇಳಿದಂತೆ ಅದು ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಇಂಜಿನ್ನಿನ ಬ್ಲಾಕನ್ನೇ ಸೀಳಿಬಿಡಬಹುದು.

ನೀರಿನ ಪಂಪಿನಲ್ಲಿ ಇನ್ನೊಂದು ಮೋಸವಿದೆ. ಅದರ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಅದು ತೂತಿನ ತಳಕ್ಕೆ ತಾಗಿ ನಿಲ್ಲುತ್ತದೆ, ಕೈಗೆ ಭಾರಿ ಬಿಗಿಯಾದಂತೆ ಅನ್ನಿಸುತ್ತದೆ, ಪಂಪು ಮಾತ್ರ ಅಲ್ಲಿ ಒತ್ತಿಕೊಂಡೇ ಇರುವುದಿಲ್ಲ. ಬಿಚ್ಚುವ ಮೊದಲು ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಬಿಚ್ಚಿದ ಬೋಲ್ಟನ್ನು ಅದರದರ ಜಾಗದಲ್ಲಿ ಚುಚ್ಚಿಡಿ. ಕೆಲವು ಬೋಲ್ಟುಗಳ ತುದಿ ಒಳಗಿನ ನೀರಿನ ದಾರಿಗೇ ತೆರೆದಿರುತ್ತದೆ. ಅಂಥವಕ್ಕೆ ಥ್ರೆಡ್ಡಿಗೆ ಹಚ್ಚುವ ಅಂಟು ಬೇಕು, ಇಲ್ಲವಾದರೆ ಗ್ಯಾಸ್ಕೆಟ್ ಎಷ್ಟು ಚೆನ್ನಾಗಿದ್ದರೂ ನೀರು ಥ್ರೆಡ್ಡಿನ ಸುರುಳಿ ಹಿಡಿದು ಹೊರಗೆ ಬರುತ್ತದೆ.

ಗ್ಯಾಸ್ಕೆಟ್ ಕೂರುವ ಮುಖಗಳನ್ನು ಹಳೆಯ ಕಾಗದ, ಅಂಟು ಒಂದಿಷ್ಟೂ ಉಳಿಯದಂತೆ ಕೆರೆಯಬೇಕು. ಅಲ್ಯೂಮಿನಿಯಂ ಮೃದು, ಹರಿತವಾದ ಉಳಿಯಿಂದ ಗೀರು ಬಿದ್ದರೆ ಆ ಗೀರೇ ಕಾಲುವೆಯಾಗುತ್ತದೆ. ಮರದ ಚಕ್ಕೆಯಿಂದಲೋ ಪ್ಲಾಸ್ಟಿಕ್ಕಿನಿಂದಲೋ ಕೆರೆಯಿರಿ. ಅಂಟನ್ನು ಕಡಲೆಹಿಟ್ಟಿನಂತೆ ಮೆತ್ತುವ ಅಭ್ಯಾಸ ನಮ್ಮಲ್ಲಿ ಬಹಳ. ಹೊರಗೆ ಹಿಂಡಿ ಬಂದದ್ದು ಕಣ್ಣಿಗೆ ಕಾಣುತ್ತದೆ, ಅಷ್ಟೇ ಒಳಗೂ ಹಿಂಡಿ ಹೋಗಿ, ಕಿತ್ತು, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ ಎಂಬುದು ಕಾಣುವುದಿಲ್ಲ. ಪುಸ್ತಕ ಹೇಳಿದ ಕಡೆ ತೆಳುವಾಗಿ ಹಚ್ಚಿದರೆ ಸಾಕು, ಹೇಳದ ಕಡೆ ಬೇಡವೇ ಬೇಡ.

ಇನ್ನು ಬಿಗಿಯುವ ಸರದಿ. ಎರಡೇ ಬೋಲ್ಟಿನ ಮುಚ್ಚಳವಾದರೆ ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು, ಹೀಗೆ ಒಂದಾದ ಮೇಲೊಂದು. ನಾಲ್ಕೈದು ಬೋಲ್ಟಿನ ಪಂಪಾದರೆ ಚಕ್ರದ ನಟ್ಟು ಬಿಗಿದ ಹಾಗೆ ಎದುರೆದುರು. ಮೊದಲು ಎಲ್ಲವನ್ನೂ ಬೆರಳಿನಲ್ಲಿ, ಆಮೇಲೆ ಅರ್ಧ ಅಳತೆಗೆ, ಆಮೇಲೆ ಪೂರ್ತಿ ಅಳತೆಗೆ.

ಎಲ್ಲಕ್ಕಿಂತ ದೊಡ್ಡದು ಸಿಲಿಂಡರ್ ಹೆಡ್ಡು. ನನ್ನ ಜೀಪಿನ ಹೆಡ್ಡು ಆ ಸಂಜೆಯ ಬಿಸಿಗೆ ಡೊಂಕಾಗಿತ್ತು. ಬಿಚ್ಚದೆ ವಿಧಿಯಿರಲಿಲ್ಲ. ಹಲವು ಗಾಡಿಗಳಲ್ಲಿ ಬ್ಲಾಕು ಬೀಡು ಕಬ್ಬಿಣ, ಹೆಡ್ಡು ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 40 ಸೆಂಟಿಮೀಟರ್ ಉದ್ದದ ಹೆಡ್ಡು ಬೆಳಗಿನ ತಣ್ಣನೆಯಿಂದ ಓಡುವ ಬಿಸಿಗೆ ಬರುವಷ್ಟರಲ್ಲಿ ತನ್ನ ಕೆಳಗಿನ ಬ್ಲಾಕಿಗಿಂತ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲು ಹೆಚ್ಚು ಬೆಳೆಯಬಯಸುತ್ತದೆ. ದಿನವೂ ಹಿಗ್ಗುತ್ತದೆ, ದಿನವೂ ಕುಗ್ಗುತ್ತದೆ. ನಡುವೆ ಸಿಕ್ಕಿದ ಗ್ಯಾಸ್ಕೆಟ್ ಒಂದು ಕಡೆ ಬೆಂಕಿ, ಒಂದು ಕಡೆ ನೀರು, ಒಂದು ಕಡೆ ಎಣ್ಣೆ, ಮೂರನ್ನೂ ಬೇರೆ ಬೇರೆ ಇಡಬೇಕು. ಬೋಲ್ಟುಗಳ ಎಳೆತ ಒಂದೇ ಸಮ ಇಲ್ಲವಾದರೆ ಅದು ಪಾಪ ಎಷ್ಟು ದಿನ ತಡೆದೀತು?

ಆದ್ದರಿಂದ ಹೆಡ್ಡಿನ ಬೋಲ್ಟನ್ನು ನಡುವಿನಿಂದ ಶುರುಮಾಡಿ, ಸುರುಳಿಯಂತೆ ಎರಡೂ ತುದಿಗಳ ಕಡೆ ಬಿಗಿಯುತ್ತಾ ಹೋಗಬೇಕು. ಚಾಪೆಯ ಸುಕ್ಕನ್ನು ನಡುವಿನಿಂದ ಅಂಚಿಗೆ ಸವರಿ ತೆಗೆಯುವುದಿಲ್ಲವೇ, ಹಾಗೆ. ಅಂಚಿನಿಂದ ಶುರುಮಾಡಿದರೆ ಸುಕ್ಕು ನಡುವೆಯೇ ಸಿಕ್ಕಿಕೊಳ್ಳುತ್ತದೆ. ಬಿಚ್ಚುವಾಗ ಇದರ ತಿರುಗುಮುರುಗು, ಅಂಚಿನಿಂದ ನಡುವಿಗೆ. ಒಂದೇ ಏಟಿಗೆ ಪೂರ್ತಿ ಬಿಗಿಯದೆ ಎರಡು ಮೂರು ಸುತ್ತಿನಲ್ಲಿ ಅಳತೆ ಏರಿಸಬೇಕು. ಇಂಜಿನ್ನು ತಣ್ಣಗಿರಬೇಕು. ಎಷ್ಟನೆಯ ಬೋಲ್ಟಾಯಿತು ಎಂದು ಮರೆಯದಂತೆ ಮೇಸ್ತ್ರಿಗಳು ಬಳಪದಲ್ಲಿ ಒಂದೊಂದರ ತಲೆಗೂ ಗೆರೆ ಹಾಕುತ್ತಿದ್ದರು. ಪೋಸ್ಟ್ ಮಾಡಿದ ವೋಚರಿಗೆ ನಾವು ಟಿಕ್ ಹಾಕುತ್ತಿದ್ದ ಹಾಗೆಯೇ.

ಇತ್ತೀಚಿನ ಗಾಡಿಗಳಲ್ಲಿ ಒಂದು ಬದಲಾವಣೆ ಬಂದಿದೆ. ಮೊದಲು ಸಣ್ಣ ಅಳತೆಗೆ ಬಿಗಿದು, ಆಮೇಲೆ ಇಂತಿಷ್ಟು ಡಿಗ್ರಿ ತಿರುಗಿಸಿ ಎಂದಿರುತ್ತದೆ. 90 ಡಿಗ್ರಿ ಎಂದರೆ ಕಾಲು ಸುತ್ತು. ಉಜ್ಜಾಟದ ಲೆಕ್ಕ ಮೋಸ ಮಾಡದಿರಲಿ ಎಂದು ಈ ಉಪಾಯ. ಇಂಥ ಬೋಲ್ಟುಗಳಲ್ಲಿ ಹೆಚ್ಚಿನವನ್ನು ಎಳೆತದ ಕೊನೆಯವರೆಗೆ ಎಳೆದಿರುತ್ತಾರೆ, ಆದ್ದರಿಂದ ಬಿಚ್ಚಿದ ಮೇಲೆ ಮತ್ತೆ ಹಾಕಬಾರದು, ಹೊಸತೇ ತರಬೇಕು. ಹಳೆಯದು ಕಣ್ಣಿಗೆ ಹೊಸದರಂತೆಯೇ ಕಾಣುತ್ತದೆ, ದುಡ್ಡು ಉಳಿಸಲು ಮನಸ್ಸಾಗುತ್ತದೆ. ಬೇಡಿ. ಹಳೆಯ ಕಾಲದ ಇಂಜಿನ್ನುಗಳಲ್ಲಿ ಮಾತ್ರ ಕೆಲವಕ್ಕೆ ಐನೂರೋ ಸಾವಿರವೋ ಕಿಲೋಮೀಟರ್ ಓಡಿದ ಮೇಲೆ ಹೆಡ್ಡನ್ನು ಇನ್ನೊಮ್ಮೆ ಬಿಗಿಯಬೇಕು ಎಂದಿರುತ್ತದೆ. ನಿಮ್ಮದಕ್ಕೆ ಹೇಳಿದೆಯೋ ಇಲ್ಲವೋ ಕೇಳಿಕೊಳ್ಳಿ.

ಹೆಡ್ಡು ಡೊಂಕಾಗಿದ್ದರೆ ಯಾವ ಬೋಲ್ಟೂ ಅದನ್ನು ನೆಟ್ಟಗೆ ಮಾಡದು. ಉಕ್ಕಿನ ನೇರಪಟ್ಟಿಯನ್ನು ಮೇಲಿಟ್ಟು, ಕೆಳಗೆ ಫೀಲರ್ ಗೇಜಿನ ತೆಳು ಎಲೆ ತೂರುತ್ತದೆಯೇ ಎಂದು ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ನೋಡುತ್ತಾರೆ. 0.05 ಮಿಲಿಮೀಟರಿನ ಎಲೆ ತೂರಿದರೆ ಎಚ್ಚರ. ಅದಕ್ಕಿಂತ ದಪ್ಪದ ಎಲೆ ತೂರಿದರೆ ಪುಸ್ತಕದ ಮಿತಿ ನೋಡಿ ಮಿಷಿನ್ನಿಗೆ ಕೊಟ್ಟು ಮಟ್ಟ ಮಾಡಿಸಬೇಕು. ನನ್ನದನ್ನು ಕೊಯಮತ್ತೂರಿಗೆ ಕಳುಹಿಸಿ ಮಟ್ಟ ಮಾಡಿಸಿ ತರಿಸಲು ಹತ್ತು ದಿನ ಹಿಡಿಯಿತು. ಎರಡು ಸಣ್ಣ ಬೋಲ್ಟಿನ ಕತೆ ಅಲ್ಲಿಗೆ ಹೋಗಿ ಮುಟ್ಟಿತ್ತು.

ರಬ್ಬರ್ ಹೋಸಿನ ಕ್ಲಿಪ್ಪಿಗೂ ಇದೇ ನ್ಯಾಯ. ರಬ್ಬರು ಕ್ಲಿಪ್ಪಿನ ತೂತುಗಳಿಂದ ಉಬ್ಬಿ ಹೊರಬರುವಷ್ಟು ಬಿಗಿದರೆ ಅದು ಒಳಗೆ ಕತ್ತರಿಸುತ್ತದೆ. ಡಿಸೆಂಬರ್, ಜನವರಿಯಲ್ಲಿ ಊಟಿಯ ಹುಲ್ಲಿನ ಮೇಲೆ ಹಿಮ ಕೂರುವ ಬೆಳಗುಗಳಲ್ಲಿ ರಬ್ಬರೂ ಲೋಹವೂ ಕುಗ್ಗಿ, ತಣ್ಣಗಿರುವಾಗ ಮಾತ್ರ ಹನಿಯುವುದುಂಟು. ಬಿಸಿಯಾದ ಮೇಲೆ ನಿಲ್ಲುತ್ತದೆ. ಮಧ್ಯಾಹ್ನ ಷೆಡ್ಡಿಗೆ ಒಯ್ದರೆ ಮೇಸ್ತ್ರಿಗೆ ಏನೂ ಕಾಣುವುದಿಲ್ಲ. ಅದಕ್ಕೆ ರಾತ್ರಿ ಇಂಜಿನ್ನಿನ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಟ್ಟು ಬೆಳಿಗ್ಗೆ ನೋಡಿ. ಕಲೆ ಎಲ್ಲಿ ಬಿದ್ದಿದೆಯೋ ಅದರ ನೇರ ಮೇಲೆ ಹುಡುಕಿ. ಒಣಗಿದ ಕೂಲೆಂಟು ಬೋಲ್ಟಿನ ಸುತ್ತ ಬಿಳಿಯ ಇಲ್ಲವೇ ಹಸಿರು ಪುಡಿಯಾಗಿ ಉಳಿದಿರುತ್ತದೆ.

ಎರಡು ಎಚ್ಚರಿಕೆ ಹೇಳಲೇಬೇಕು. ಕೂಲೆಂಟು ರುಚಿಗೆ ಸಿಹಿ, ಆದರೆ ವಿಷ. ಚೆಲ್ಲಿದ್ದನ್ನು ನಾಯಿ ನೆಕ್ಕದಂತೆ, ಉಳಿದ ಡಬ್ಬಿ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಎರಡನೆಯದು, ಘಾಟಿಯಲ್ಲಿ ಗಾಡಿ ಕುದಿದು ನಿಂತಾಗ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಹೋಗಿ ಒಳಗಿನ ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಕುಕ್ಕರಿನ ಮುಚ್ಚಳವನ್ನು ಆವಿ ಇಳಿಯದೆ ತೆರೆಯುವಿರಾ? ಕಡಿಮೆಯೆಂದರೆ ಅರ್ಧ ಗಂಟೆ ಕಾಯಿರಿ. ಝರಿಯ ತಣ್ಣೀರನ್ನು ಕಾದ ಇಂಜಿನ್ನಿನ ಮೇಲೆ ಸುರಿಯಬೇಡಿ, ಕಾದ ಲೋಹ ಬಿರಿಯುತ್ತದೆ.

ಬೋಲ್ಟು ಬಿಗಿದು ಮುಗಿದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ನೀರು ತುಂಬಿ, ಒಳಗಿನ ಗಾಳಿ ಹೋಗುವವರೆಗೆ ಮುಚ್ಚಳ ತೆರೆದು ಓಡಿಸಿ, ಆಮೇಲೆ ಮುಚ್ಚಿ ಬಿಸಿಮಾಡಿ. ಊರ ಸುತ್ತ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ರಾತ್ರಿಯೆಲ್ಲ ಆರಲು ಬಿಡಿ, ಬೆಳಿಗ್ಗೆ ನೀರಿನ ಮಟ್ಟ ನೋಡಿ. ಇಳಿದಿದ್ದರೆ ತುಂಬಿ, ಮರುದಿನ ಮತ್ತೆ ನೋಡಿ. ಒಳಗೆ ಸಿಕ್ಕಿದ್ದ ಗಾಳಿ ಹೋದದ್ದಾದರೆ ಒಮ್ಮೆ ಇಳಿದು ನಿಲ್ಲುತ್ತದೆ. ದಿನವೂ ಇಳಿದರೆ ಎಲ್ಲೋ ಸೋರುತ್ತಿದೆ. ಹೊರಗೆ ಕಲೆಯಿಲ್ಲದೆ ಇಳಿಯುತ್ತಿದ್ದರೆ ಎಣ್ಣೆಯ ಕಡ್ಡಿ ಎಳೆದು ನೋಡಿ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಇಲ್ಲವೇ ಬಿಸಿಯಾದ ಮೇಲೂ ಹೊಗೆಕೊಳವೆಯಲ್ಲಿ ಬಿಳಿಹೊಗೆ ನಿಲ್ಲದಿದ್ದರೆ, ನೀರು ಹೆಡ್ಡಿನ ಗ್ಯಾಸ್ಕೆಟ್ ದಾಟಿ ಒಳಗೇ ಹೋಗುತ್ತಿದೆ ಎಂದು ಅರ್ಥ. ಅಂಥ ಗಾಡಿಯಲ್ಲಿ ಘಾಟಿ ಇಳಿಯುವುದೂ ಬೇಡ, ಹತ್ತುವುದೂ ಬೇಡ.

ನಮ್ಮಮ್ಮನಿಗೆ ಆ ಮಾರ್ಚಿಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಮೈಸೂರಿಗೆ ಹೊರಡುವ ಹಿಂದಿನ ಮೂರು ಬೆಳಗೂ ನಾನು ಜೀಪಿನ ಕೆಳಗಿನ ರಟ್ಟನ್ನು ತೆಗೆದು ಬಿಸಿಲಿಗೆ ಹಿಡಿದು ನೋಡಿದ್ದೆ. ಒಣಗಿತ್ತು.